ಬಿಸಿಲಿನ ಉರಿ, ಮೆಣಸಿನ ಉರಿ

ಶಿವರಾತ್ರಿ ಕಳೆದದ್ದೇ ತಡ, ನನ್ನ ಕೈಚೀಲದೊಳಗೆ ಒಂದು ಉಳ್ಳಾಗಡ್ಡಿ ಬಂದು ಕೂರುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದು ನೆಲ ತಣ್ಣಗಾಗುವ ತನಕ ಅದು ಅಲ್ಲೇ ಇರುತ್ತದೆ. ಬಸ್ಸಿನಲ್ಲಿ ಟಿಕೆಟಿಗೆಂದು ನೋಟು ತೆಗೆದರೆ ಜೊತೆಗೆ ಉಳ್ಳಾಗಡ್ಡಿ ಸಿಪ್ಪೆಯೂ ಹಾರಿ ಕಂಡಕ್ಟರನ ಅಂಗಿಗೆ ಅಂಟುತ್ತದೆ. ನಮ್ಮ ಮನೆಯವರು ಇದನ್ನು ಆಡಿಕೊಳ್ಳದ ದಿನವಿಲ್ಲ. ಎರಡು ಬದನೆಕಾಯಿಯನ್ನೂ ಇಟ್ಟುಕೋ, ದಾರಿಯಲ್ಲೇ ಪಲ್ಯ ಮಾಡಬಹುದು ಎನ್ನುತ್ತಾರೆ. ಉಳ್ಳಾಗಡ್ಡಿ ಮೈಗೆ ಹತ್ತಿರ ಇದ್ದರೆ ಬಿಸಿಲಿನ ಝಳವನ್ನು ಅದೇ ಎಳೆದುಕೊಳ್ಳುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಿಜ ಹೇಳಬೇಕೆಂದರೆ ನನಗೆ ಅದರಲ್ಲಿ ನಂಬಿಕೆ ಇಲ್ಲ. ಆದರೆ ನಂಬಿಕೆ ಇಲ್ಲವೆಂದು ಅದನ್ನು ಮನೆಯಲ್ಲಿ ಬಿಟ್ಟುಹೋಗುವ ಧೈರ್ಯವೂ ಇಲ್ಲ.

ನಾನು ಹುಟ್ಟು ಅಂಜುಬುರುಕಿ. ಹಲ್ಲಿ, ಸಿಡಿಲು, ಹೆದ್ದಾರಿಯ ಲಾರಿ, ಕುಕ್ಕರಿನ ಸೀಟಿ, ಎಲ್ಲಕ್ಕೂ ಹೆದರುತ್ತೇನೆ. ಅಂಜಿದವರ ಮೇಲೆ ಕಪ್ಪೆ ಒಗೆದರು ಎನ್ನುತ್ತಾರಲ್ಲ, ನನ್ನ ಮೇಲೆ ಯಾರೂ ಒಗೆಯುವುದೇ ಬೇಡ, ಕಪ್ಪೆ ಎಲ್ಲಿದೆಯೆಂದು ನಾನೇ ಹುಡುಕಿಕೊಂಡು ಹೋಗಿ ಹೆದರಿ ಬರುತ್ತೇನೆ. ಉಳಿದ ಹೆದರಿಕೆಗಳು ಬಂದು ಹೋಗುವಂಥವು. ಬಿಸಿಲಿನದು ಮಾತ್ರ ಹಾಗಲ್ಲ. ಬೆಳಗ್ಗೆ ಎದ್ದು ಬಾಗಿಲು ತೆರೆದಾಗ ಅಂಗಳದಲ್ಲಿ ಅದು ಬಿದ್ದಿರುವ ಬಗೆ ನೋಡಿಯೇ ಬಾಗಿಲನ್ನು ಮತ್ತೆ ಮುಚ್ಚಿಕೊಳ್ಳುತ್ತೇನೆ.

ಹಾವೇರಿಯಲ್ಲಿ ಕೋರ್ಟಿನ ಹತ್ತಿರ ನಮ್ಮದೊಂದು ಝರಾಕ್ಸ್ ಅಂಗಡಿ. ಬೇಸಿಗೆಯಲ್ಲಿ ಆ ಯಂತ್ರದ ಪಕ್ಕ ನಿಂತವರಿಗೆ ಬಿಸಿಲು ಹೊರಗಿದೆಯೋ ಒಳಗಿದೆಯೋ ತಿಳಿಯುವುದಿಲ್ಲ. ಕರ್ಜಗಿ ಕಡೆಯಿಂದ ಬೈಕಿನಲ್ಲಿ ಬಂದವರು ಕಾಗದ ಚಾಚಿದಾಗ ನಾನು ಮೊದಲು ನೋಡುವುದು ಕಾಗದವನ್ನಲ್ಲ, ಅವರ ಕೈಯನ್ನು. ಮುಂದೋಳು ಕೆಂಪಾಗಿದ್ದರೆ ಬಾಯಿ ಸುಮ್ಮನಿರುವುದಿಲ್ಲ. ತಣ್ಣೀರಿನ ಬಟ್ಟೆ ಹಾಕಿಕೊಳ್ಳಿ, ಐಸ್ ಇಡಬೇಡಿ, ಉಜ್ಜಬೇಡಿ, ಆಮೇಲೆ ಹುಳಿ ಬಾರದ ಮೊಸರು ತೆಳ್ಳಗೆ ಹಚ್ಚಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ ಎಂದು ಶುರುಮಾಡುತ್ತೇನೆ. ಅವರು ಪಾಪ, ಹೊಲದ ಉತಾರದ ನಕಲಿಗೆ ಬಂದವರು. ಹ್ಞೂಂರಿ ಹ್ಞೂಂರಿ ಎನ್ನುತ್ತ ಚಿಲ್ಲರೆಯನ್ನೂ ಎಣಿಸದೆ ಓಡುತ್ತಾರೆ.

ಮದ್ದು ಹೇಳುವ ಚಟ ನನಗೊಬ್ಬಳಿಗೇ ಇಲ್ಲ ಎನ್ನುವುದೊಂದು ಸಮಾಧಾನ. ಪಕ್ಕದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ, ಚಿಕ್ಕಮ್ಮನಂಥ ಶಂಶಾದ್ ಖಾಲಾ ಈ ವಿಷಯದಲ್ಲಿ ನನಗೆ ಗುರು. ಮಕ್ಕಳನ್ನು ಉರ್ದುವಿನಲ್ಲಿ ಬೈದು, ಅದೇ ಉಸಿರಿನಲ್ಲಿ ನನ್ನೊಡನೆ ಕನ್ನಡದಲ್ಲಿ ಮಾತಿಗೆ ಕೂರುವವರು. ಮುಲ್ತಾನಿ ಮಿಟ್ಟಿಯನ್ನು ಗುಲಾಬ್ ನೀರಿನಲ್ಲಿ ಕಲಸಿ ಹಚ್ಚುವುದನ್ನು ಕಲಿಸಿದ್ದು ಅವರೇ. ಒಮ್ಮೆ ಗಿರಾಕಿ ಇಲ್ಲದ ಮಧ್ಯಾಹ್ನ ಅಂಗಡಿಯ ಹಿಂಭಾಗದಲ್ಲಿ ಕೂತು ಮುಖಕ್ಕೆಲ್ಲ ಅದನ್ನು ಮೆತ್ತಿಕೊಂಡೆ. ಅದು ಒಣಗಿ ಬಿರುಕು ಬಿಡುವ ಹೊತ್ತಿಗೆ ಸರಿಯಾಗಿ ಹಿರಿಯರೊಬ್ಬರು ಪರದೆ ಸರಿಸಿ ಒಳಗೆ ಇಣುಕಿದರು. ಅವರು ಕೂಗಲಿಲ್ಲ. ತಲೆಯ ಮೇಲಿನ ಟೊಪ್ಪಿಗೆ ತೆಗೆದು, ಮೆಲ್ಲಗೆ ಹಿಂದೆ ಹಿಂದೆ ಹೆಜ್ಜೆ ಇಟ್ಟು ಹೊರಟುಹೋದರು. ಅವರ ಕಾಗದ ಈಗಲೂ ನಮ್ಮ ಡ್ರಾವರಿನಲ್ಲೇ ಇದೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮ ಮನೆಗೆ ಹೊಂದುವುದಿಲ್ಲ. ನಮ್ಮ ಹಿತ್ತಲಲ್ಲಿ ಇರುವುದೇ ಒಂದು ಲೋಳೆಸರದ ಕುಂಡ. ಅದರ ಎಲೆ ಮುರಿದು, ಹಳದಿ ಸೋನೆಯನ್ನೆಲ್ಲ ಸೋರಲು ಬಿಟ್ಟು ತೊಳೆದು, ಒಳಗಿನ ತಿಳಿ ಲೋಳೆಯನ್ನು ಮಾತ್ರ ಹಚ್ಚಬೇಕು. ಸೌತೆಕಾಯಿಯನ್ನು ತುರಿದು ಇಟ್ಟರೂ ನಡೆಯುತ್ತದೆ. ಲಿಂಬೆಹಣ್ಣು ಹಿಂಡಿಕೊಳ್ಳಿ ಎಂದು ಹೇಳುವವರೂ ಇದ್ದಾರೆ, ಅವರ ಮಾತು ಕೇಳಿದವರು ಎರಡನೇ ಸಲ ಕೇಳುವುದಿಲ್ಲ. ಒಬ್ಬರಂತೂ ಸುಟ್ಟ ಮೂಗಿಗೆ ಟೂತ್‌ಪೇಸ್ಟ್ ಹಚ್ಚಿಕೊಂಡು ಕಕ್ಷಿದಾರರ ಎದುರು ಓಡಾಡಿದ್ದನ್ನು ಇಡೀ ಕೋರ್ಟಿನ ಬೀದಿ ನೋಡಿದೆ. ಇಷ್ಟೆಲ್ಲ ಮದ್ದುಗಳಲ್ಲಿ ನಮ್ಮ ಮನೆಗೆ ಬಾರದ ಒಂದೇ ಒಂದು ಮದ್ದೆಂದರೆ ಎಣ್ಣೆ. ಯಾರಾದರೂ ಬಿಸಿಲಿನ ಉರಿಗೆ ಎಣ್ಣೆ ಎಂದರೆ ನನ್ನ ನಗು ಅಲ್ಲಿಗೇ ನಿಲ್ಲುತ್ತದೆ.

ಏಕೆ ಎಂದು ಹೇಳಬೇಕಾದರೆ ನಿಮ್ಮನ್ನು ಬ್ಯಾಡಗಿಗೆ ಕರೆದುಕೊಂಡು ಹೋಗಬೇಕು.

ಬ್ಯಾಡಗಿ ನನ್ನ ತವರು. ನಮ್ಮೂರಿನಲ್ಲಿ ಕೂಸು ಅತ್ತರೆ ಹಸಿವೇ ಎಂದು ಕೇಳುವುದಿಲ್ಲ, ಯಾರು ಮೆಣಸಿನಕಾಯಿ ಮುಟ್ಟಿದ ಕೈಯಲ್ಲಿ ಎತ್ತಿಕೊಂಡಿರಿ ಎಂದು ಕೇಳುತ್ತಾರೆ. ಪೇಟೆಯ ದಿನಗಳಲ್ಲಿ ಗಾಳಿಯೇ ಘಾಟು. ಹೊರಗಿನಿಂದ ಬಂದ ನೆಂಟರು ಬಸ್ಸಿಳಿದು ಸೀನಲು ಶುರುಮಾಡಿದರೆ ಊರು ಬಂತೆಂದು ಅರ್ಥ. ಬೀದಿಯ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಮೆಣಸಿನಕಾಯಿ ತೊಟ್ಟು ಬಿಡಿಸಿ ಸಂಜೆಗೆ ಬೆರಳು ಉರಿಯುತ್ತ ಬರುವವರು. ಆ ಉರಿಗೆ ನೀರು ತಾಗಿಸಿದರೆ ಇನ್ನಷ್ಟು ಹರಡುತ್ತದೆ. ಎಣ್ಣೆ ಹಚ್ಚಿದರೆ ಇಳಿಯುತ್ತದೆ. ಇದು ನಮ್ಮೂರಿನಲ್ಲಿ ನಡೆಯಲು ಕಲಿಯುವ ಮೊದಲೇ ಕಲಿಯುವ ಪಾಠ. ಹಾಗಾಗಿ ಮೈಯಲ್ಲಿ ಎಲ್ಲಿ ಏನು ಉರಿದರೂ ನಮ್ಮವರ ಕೈ ಎಣ್ಣೆ ಬಟ್ಟಲಿಗೇ ಹೋಗುತ್ತದೆ. ಉರಿಯಲ್ಲಿ ಬೇರೆ ಜಾತಿಯೂ ಇರಬಹುದೆಂದು ಬ್ಯಾಡಗಿಯವರಿಗೆ ಹೊಳೆಯುವುದಿಲ್ಲ.

ಅಪ್ಪ ವ್ಯಾಪಾರಸ್ಥರೊಬ್ಬರ ಕಣದಲ್ಲಿ ಮೆಣಸಿನಕಾಯಿ ಒಣಗಿಸುವ ಕೆಲಸ ನೋಡಿಕೊಳ್ಳುತ್ತಿದ್ದ. ಕಣದ ತುಂಬ ಕೆಂಪು ಹಾಸಿ, ಬಿಸಿಲು ತಿರುಗಿದಂತೆಲ್ಲ ಅದನ್ನು ತಿರುವಿ ಹಾಕಿಸುತ್ತ ದಿನವಿಡೀ ನಿಂತಿರುತ್ತಿದ್ದ. ನನ್ನ ಮಗಳು ಮೇಘಾ ಕಂಕುಳ ಕೂಸಾಗಿದ್ದಾಗ ನಾನು ಬೇಸಿಗೆಗೆ ತವರಿಗೆ ಹೋಗಿದ್ದೆ. ಒಂದು ಮಧ್ಯಾಹ್ನ ಅಪ್ಪ ಹೊತ್ತಿಗೆ ಮೊದಲೇ ಮನೆಗೆ ಬಂದ. ಕುತ್ತಿಗೆ, ಹೆಗಲು ಕೆಂಪಗೆ ಕಾದಿದ್ದವು. ಮೈಯೆಲ್ಲ ಉರಿ ಎಂದ. ಅವ್ವ ಮೆಣಸಿನ ಉರಿ ಎಂದುಕೊಂಡಳು. ನಾವೆಲ್ಲರೂ ಹಾಗೇ ಅಂದುಕೊಂಡೆವು. ಅವ್ವ ತಲೆಯಿಂದ ಕಾಲಿನವರೆಗೆ ಎಣ್ಣೆ ಹಚ್ಚಿ, ಧೂಳು ತಾಗಬಾರದೆಂದು ಚಾದರ ಹೊದಿಸಿದಳು. ಸಂಜೆಗೆ ಅಪ್ಪ ಏನೇನೋ ಮಾತಾಡತೊಡಗಿದ, ನನ್ನನ್ನು ತನ್ನ ತಂಗಿಯ ಹೆಸರು ಹಿಡಿದು ಕರೆದ. ಆಗ ಗಾಡಿ ಮಾಡಿಸಿಕೊಂಡು ಹಾವೇರಿಯ ಆಸ್ಪತ್ರೆಗೆ ಓಡಿದೆವು. ಮರುದಿನ ಅಪ್ಪ ಇರಲಿಲ್ಲ.

ಅಲ್ಲಿನ ಡಾಕ್ಟರು ನನ್ನನ್ನು ಪಡಸಾಲೆಗೆ ಕರೆದು ಕೇಳಿದ್ದರು, ಎಣ್ಣೆ ಯಾರು ಹಚ್ಚಿದ್ದು ಎಂದು. ಬಿಸಿಲು ಬಡಿದ ಮೈ ಕಾವನ್ನು ಹೊರಗೆ ಬಿಡಬೇಕು, ನೀವು ಅದನ್ನು ಒಳಗೇ ಮುಚ್ಚಿಟ್ಟಿರಿ ಎಂದರು. ಎಣ್ಣೆ ಹಚ್ಚದಿದ್ದರೆ ಉಳಿಯುತ್ತಿದ್ದರೇ ಎಂದು ನಾನು ಕೇಳಿದೆ. ಹೇಳಲಾಗುವುದಿಲ್ಲ, ತಡವಾಗಿದ್ದೇ ಮುಖ್ಯ ಎಂದರು. ಎಣ್ಣೆಯ ಮಾತನ್ನೂ ಆ 'ಹೇಳಲಾಗುವುದಿಲ್ಲ' ಎಂಬ ಮಾತನ್ನೂ ನಾನು ಅವ್ವನಿಗೆ ಹೇಳಲಿಲ್ಲ. ಅಣ್ಣನಿಗೂ ಹೇಳಲಿಲ್ಲ, ನಮ್ಮ ಮನೆಯವರಿಗೂ ಹೇಳಲಿಲ್ಲ. ಹೇಳಿದರೆ ಅವ್ವ ತನ್ನ ಕೈಯನ್ನು ತಾನೇ ನೋಡಿಕೊಳ್ಳಲಾರಳು ಎಂದು ಹೆದರಿದೆ. ಬಿಸಿಲಿಗಿಂತ ದೊಡ್ಡ ಹೆದರಿಕೆ ಅದೇ ಆಗಿ ಕೂತುಬಿಟ್ಟಿತು.

ಈ ಸಲದ ಬೇಸಿಗೆಯಲ್ಲಿ ಆ ಎರಡು ಹೆದರಿಕೆಗಳೂ ಒಂದೇ ದಿನ ಬಂದವು.

ಮೇಘಾ ಈಗ ಹೈಸ್ಕೂಲು. ಖೋ ಖೋ ಎಂದರೆ ಊಟ ಬಿಡುತ್ತಾಳೆ. ರಾಣೆಬೆನ್ನೂರಿನಲ್ಲಿ ಬೇಸಿಗೆ ಶಿಬಿರ ಇತ್ತು. ಬೇಡವೆಂದು ನಾನು ಹೇಳಿದ ಕಾರಣಗಳೆಲ್ಲವನ್ನೂ ನಮ್ಮ ಮನೆಯವರೂ ಮಗಳೂ ಸೇರಿ ನಗುತ್ತ ಕೇಳಿದರು. ಕೊನೆಗೆ ತೋಳು ಮುಚ್ಚುವ ಅಂಗಿ ಹಾಕಿಕೊಳ್ಳುವ ಮಾತು ಕೊಟ್ಟು ಹೋದಳು. ಅಲ್ಲಿ ಎಲ್ಲರೂ ತೋಳಿಲ್ಲದ ಜರ್ಸಿ ಹಾಕಿದ್ದರಂತೆ, ಇವಳೂ ಹಾಕಿದಳು. ಶಿಬಿರ ಮುಗಿದ ದಿನ ಮೈದಾನದಿಂದ ನೇರ ಬಸ್ಸು ಹತ್ತಿ, ಬ್ಯಾಡಗಿಯಲ್ಲಿ ಅಜ್ಜಿಯ ಮನೆಯಲ್ಲಿ ಇಳಿದಳು. ಅಣ್ಣನ ಮನೆಯವರೆಲ್ಲ ಮೋಟೆಬೆನ್ನೂರಿಗೆ ಮದುವೆಗೆ ಹೋಗಿದ್ದರು. ಮನೆಯಲ್ಲಿ ಅವ್ವ ಒಬ್ಬಳೇ. ಅಂಗಳದಲ್ಲಿ ವರ್ಷದ ಖಾರದ ಪುಡಿಗೆಂದು ಮೆಣಸಿನಕಾಯಿ ಹರವಿದ್ದಳು.

ಅಂಗಡಿಯಲ್ಲಿ ಯಾರದೋ ದಸ್ತಾವೇಜಿನ ಪುಟ ತಿರುವುತ್ತಿದ್ದಾಗ ಅವ್ವನ ಫೋನು ಬಂತು.

"ಹುಡುಗಿ ಮೈ ಉರೀತೈತಿ ಅಂತ ಮಕ್ಕೊಂಡಾಳ. ಮೆಣಸಿನಕಾಯಿ ಮ್ಯಾಲೆ ಕೈಯಾಡಿಸಿ ಮೈಗೆ ಮುಟ್ಟಿಸ್ಕೊಂಡಾಳ ನೋಡು. ಎಣ್ಣಿ ಬೆಚ್ಚಗ ಮಾಡಾಕ ಇಟ್ಟೇನಿ, ಹಚ್ಚಿಬಿಡ್ತೇನಿ."

ನನ್ನ ಕೈಯಲ್ಲಿದ್ದ ಕಾಗದ ಯಂತ್ರದೊಳಗೆ ಸೊಟ್ಟಗೆ ಹೋಗಿ ಸಿಕ್ಕಿಕೊಂಡಿತು. ಎಲ್ಲಿ ಉರಿಯುತ್ತದೆ ಎಂದು ಕೇಳಿದೆ. ಹೆಗಲು, ಕುತ್ತಿಗೆ, ತೋಳು ಎಂದಳು. ತಲೆನೋವು ಬೇರೆ, ಎರಡು ಸಲ ವಾಂತಿ ಬಂದಂತಾಯಿತಂತೆ ಎಂದಳು. ಅಪ್ಪನಿಗೂ ಅದೇ ಹೆಗಲು, ಅದೇ ಕುತ್ತಿಗೆ.

"ಎಣ್ಣಿ ಹಚ್ಚಬ್ಯಾಡಬೇ" ಎಂದೆ.

ಯಾಕೆ ಎಂದು ಅವ್ವ ಕೇಳಿದಳು. ಅದಕ್ಕೆ ಉತ್ತರ ಒಂದೇ ಇತ್ತು, ಅದನ್ನು ಹೇಳುವಂತಿರಲಿಲ್ಲ. ಬಿಸಿಲಿನ ಉರಿಗೆ ಎಣ್ಣೆ ಹಚ್ಚಿದರೆ ಜೀವಕ್ಕೆ ಅಪಾಯ ಎಂದರೆ, ಅವ್ವ ಆ ಮಾತನ್ನು ಹಿಡಿದುಕೊಂಡು ನೇರ ಆ ಮಧ್ಯಾಹ್ನಕ್ಕೇ ಹೋಗುತ್ತಾಳೆ. ಹೇಳದಿದ್ದರೆ ಎಣ್ಣೆ ಬೆಚ್ಚಗಾಗುತ್ತಿದೆ. ಹೊಳೆದದ್ದು ಒಂದು ಸುಳ್ಳು. ಇತ್ತೀಚೆಗೆ ಅವಳ ಮೈಗೆ ಎಣ್ಣೆ ಆಗಿಬರುವುದಿಲ್ಲ ಎಂದೆ. ಹುಟ್ಟಿದಾಗಿನಿಂದ ಎಣ್ಣೆ ತಿಕ್ಕಿ ಎರೆದವಳು ನಾನು, ನನಗೇ ಹೇಳುತ್ತೀಯಾ ಎಂದು ಅವ್ವ ನಕ್ಕಳು. ಒದ್ದೆ ಬಟ್ಟೆ ಹಾಕು ಎಂದೆ. ನೆಗಡಿ ಆಗುತ್ತದೆ ಎಂದಳು. ನನ್ನ ದನಿ ನನಗೇ ಗುರುತು ಸಿಗದ ಹಾಗಾಯಿತು.

"ನಿನ್ನ ಕಾಲ್ ಬೀಳ್ತೇನಿ, ಹಚ್ಚಬ್ಯಾಡ" ಎಂದುಬಿಟ್ಟೆ.

ಆ ಕಡೆ ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಅಣ್ಣನಿಗೆ ಮಾಡಿದರೆ ವಾಲಗದ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.

ನಮ್ಮ ಮನೆಯವರು ಸರಕು ತರಲು ಹುಬ್ಬಳ್ಳಿಗೆ ಹೋಗಿದ್ದರು. ಫೋನಿನ ಮಾತು ಕೇಳಿಸಿಕೊಂಡಿದ್ದ ಶಂಶಾದ್ ಖಾಲಾ ಒಂದೂ ಪ್ರಶ್ನೆ ಕೇಳದೆ ನಮ್ಮ ಅಂಗಡಿಯ ಬಾಗಿಲು ತಾವೇ ಎಳೆದರು. ಡಬ್ಬಿಯಲ್ಲಿ ಮೊಸರು ತುಂಬಿ, ಗುಲಾಬ್ ನೀರಿನ ಬಾಟಲಿ ಸೇರಿಸಿ ನನ್ನ ಕೈಗಿತ್ತರು. ಮೊಸರಿಗಿಂತ ಮೊದಲು ನೀರು, ಡಾಕ್ಟರಿಗೆ ತೋರಿಸುವುದು ಎಲ್ಲಕ್ಕಿಂತ ಮೊದಲು ಎಂದು ನೆನಪಿಸಿ ಬಸ್‌ಸ್ಟ್ಯಾಂಡಿನ ಆಟೋ ಹತ್ತಿಸಿದರು.

ಬ್ಯಾಡಗಿ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬಿಸಿಲು ಬರುವ ಕಡೆಯ ಸೀಟೇ ಸಿಕ್ಕಿತು. ಸಂಕಟ ಬಂದಾಗ ವೆಂಕಟರಮಣ ಎನ್ನುತ್ತ ಕೂತೆ. ಹೆದ್ದಾರಿಯ ಡಾಂಬರಿನ ಮೇಲೆ ಝಳ ಕುಣಿಯುತ್ತಿತ್ತು. ಮೋಟೆಬೆನ್ನೂರಿನಲ್ಲಿ ಬಸ್ಸು ನಿಂತಾಗ ಒಬ್ಬಾಕೆ ಹತ್ತಲು ಹೊತ್ತು ಮಾಡಿದಳು, ಅವಳ ಮೇಲೆ ನನಗೆ ಬಂದಷ್ಟು ಸಿಟ್ಟು ಜೀವನದಲ್ಲಿ ಯಾರ ಮೇಲೂ ಬಂದಿಲ್ಲ. ತಿರುವಿನಲ್ಲಿ ಡಬ್ಬಿಯ ಮುಚ್ಚಳ ಸಡಿಲಾಗಿ ಮೊಸರು ನನ್ನ ಸೀರೆಯ ಮೇಲೆ ಹರಿಯಿತು. ಪಕ್ಕದವರು ಸರಿದು ಕೂತರು. ನಾನು ಒರೆಸಲಿಲ್ಲ. ಮೇಘಾ ನನ್ನನ್ನು ಬೇರೆ ಯಾರದೋ ಹೆಸರಿನಿಂದ ಕರೆದರೆ ಏನು ಮಾಡಲಿ ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಎಣ್ಣೆ ಹಚ್ಚಿ ಚಾದರ ಹೊದಿಸಿರುತ್ತಾಳೆ ಎಂದು ಖಾತ್ರಿಯಾಗಿಬಿಟ್ಟಿತ್ತು. ನಿಜ ಹೇಳಿಬಿಡಬೇಕಿತ್ತು, ಅವ್ವ ನೊಂದರೆ ನೋಯಲಿ, ಮಗಳು ಉಳಿಯುತ್ತಿದ್ದಳು ಎಂದುಕೊಂಡೆ. ಹಾಗಂದುಕೊಂಡದ್ದಕ್ಕೂ ಹೆದರಿದೆ.

ಮನೆಯ ಬಾಗಿಲು ಅರ್ಧ ತೆರೆದಿತ್ತು. ಅಂಗಳದ ಮೆಣಸಿನಕಾಯಿ ತುಳಿದುಕೊಂಡೇ ಒಳಗೆ ಹೋದೆ. ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಮೇಘಾ ಬೋರಲು ಮಲಗಿದ್ದಳು. ಹೆಗಲ ಮೇಲೆ, ಕುತ್ತಿಗೆಯ ಮೇಲೆ ಅವ್ವನ ಹಳೆ ಸೀರೆಯ ಒದ್ದೆ ತುಂಡುಗಳಿದ್ದವು. ಪಕ್ಕದಲ್ಲಿ ನೀರಿನ ಬೋಗುಣಿ, ಖಾಲಿ ಮಜ್ಜಿಗೆ ಲೋಟ. ಒಲೆಯ ಕಟ್ಟೆಯ ಮೇಲೆ ಎಣ್ಣೆಯ ಬಟ್ಟಲು ಹಾಗೇ ಇತ್ತು. ಅವ್ವ ಮೊಮ್ಮಗಳ ಅಂಗಾಲಿಗೆ ನೀರು ಸವರುತ್ತ ಕೂತಿದ್ದಳು. ನನ್ನ ಕಡೆ ನೋಡಲಿಲ್ಲ.

ನಾನು ಮಗಳ ಗಲ್ಲ ಹಿಡಿದು, ನಾನು ಯಾರು ಎಂದು ಕೇಳಿದೆ. ಅವಳು ಕಣ್ಣು ತೆರೆದು, ನನ್ನ ಮೊಸರಿನ ಸೀರೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಏನಾತು ಮಮ್ಮಿ ನಿನಗ?" ಎಂದಳು.

ಆಟೋ ತರಿಸಿ ಡಾಕ್ಟರಿಗೆ ತೋರಿಸಿ ಬಂದೆವು. ಬಿಸಿಲಿಗೆ ಚರ್ಮ ಸುಟ್ಟಿದೆ, ಮೈಯಲ್ಲಿ ನೀರು ಕಡಿಮೆಯಾಗಿದೆ, ತಣ್ಣಗೆ ಮಾಡುತ್ತಿದ್ದದ್ದು ಒಳ್ಳೆಯದಾಯಿತು, ಅದನ್ನೇ ಮುಂದುವರಿಸಿ, ಜ್ವರ ಏರಿದರೆ ಇಲ್ಲವೇ ಮಾತು ತಪ್ಪಿದರೆ ಕೂಡಲೇ ಬನ್ನಿ ಎಂದರು. ಬಂದ ಮೇಲೆ ಮೇಘಾಗೆ ಕಣ್ಣು ಹತ್ತಿತು. ಅವಳ ಮಾತು ತಪ್ಪುತ್ತದೆಯೇ ಎಂದು ನೋಡಲು ನಾನು ಎರಡು ಸಲ ಎಬ್ಬಿಸಿದೆ. ಎರಡನೇ ಸಲ ಬೈಸಿಕೊಂಡೆ. ಬೈಗುಳ ಸ್ಪಷ್ಟವಾಗಿತ್ತು.

ಸಂಜೆ ಬಿಸಿಲು ಅಂಗಳ ಬಿಟ್ಟು ಗೋಡೆ ಹತ್ತಿತ್ತು. ಅವ್ವ ಬಟ್ಟೆ ಬದಲಿಸುತ್ತಿದ್ದಳು, ನಾನು ಹಿಂಡಿ ಹಿಂಡಿ ಕೊಡುತ್ತಿದ್ದೆ. ಎಣ್ಣೆ ಏಕೆ ಹಚ್ಚಲಿಲ್ಲ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವ್ವನೇ ಮಾತು ತೆಗೆದಳು.

"ನೀ ಕಾಲ್ ಬೀಳ್ತೇನಿ ಅಂದ್ಯಲ್ಲ, ಆಗ ಹೋಗಿ ಆಕೀ ಬೆನ್ನ ಸರೀ ನೋಡಿದೆ. ಅಂಗಿ ಇದ್ದಲ್ಲಿ ಬೆಳ್ಳಗ, ಇಲ್ಲದಲ್ಲಿ ಕೆಂಪ. ಮೆಣಸಿನಕಾಯಿ ಅಂಗಿ ಅಳತಿ ನೋಡಿ ಉರಿಸ್ತೈತೇನ? ಎರಡನೇ ಸಲ ಅದ ತಪ್ಪ ಮಾಡಾಕ ಹೊಂಟಿದ್ದೆ."

ನನ್ನ ಕೈಯಲ್ಲಿದ್ದ ಬಟ್ಟೆಯಿಂದ ನೀರು ನೆಲಕ್ಕೆ ಸೋರಿತು.

ಅವತ್ತು ಆಸ್ಪತ್ರೆಯಲ್ಲಿ ಅಪ್ಪನ ಮೈ ಒರೆಸುತ್ತಿದ್ದ ಆಯಾ ಎಣ್ಣೆಯನ್ನು ಮುಟ್ಟಿ ನೋಡಿ, ಯಾರವ್ವಾ ಹಿಂಗ ಮಾಡಿದವರು ಎಂದು ಕೇಳಿದ್ದಳಂತೆ. ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದ್ದಳಂತೆ. ಅವ್ವನಿಗೆ ಆಗಿನಿಂದಲೇ ಗೊತ್ತಿತ್ತು. ಇಷ್ಟು ವರ್ಷ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ನನಗೂ ಡಾಕ್ಟರು ಹೇಳಿದ್ದರು ಎಂದೆ. ನೀನು ನೊಂದುಕೊಳ್ಳುತ್ತೀ ಎಂದು ಹೇಳಲಿಲ್ಲ ಎಂದೆ.

ಅವ್ವ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಅಷ್ಟು ಹೆದರಿಕೆಯನ್ನು ನಾನು ಹಿಂದೆ ಕಂಡಿರಲಿಲ್ಲ.

"ನಿನಗ ಗೊತ್ತಾಗಬಾರದು ಅಂತ ನಾ ಸುಮ್ಮನಿದ್ದೆ, ಯವ್ವಾ. ನಾ ಎಣ್ಣಿ ತಾ ಅಂದೆ, ನೀ ಕೂಸಿನ್ನ ಕಂಕುಳಾಗ ಇಟ್ಕೊಂಡು ಓಡಿಹೋಗಿ ಬಟ್ಲ ತಂದ ಕೊಟ್ಟಿ. ನೀ ಮೊದಲ ಅಂಜಬುರುಕಿ. ಗೊತ್ತಾದ್ರ ನಿನ್ನ ಕೈ ನೀನ ನೋಡ್ಕೊಳ್ಳಾಕ ಆಗೂದಿಲ್ಲಂತ ಅಂಜಿದ್ದೆ."

ನನಗೆ ಅದು ನೆನಪಿರಲಿಲ್ಲ. ಆ ಮಧ್ಯಾಹ್ನದ ಪ್ರತಿಯೊಂದನ್ನೂ, ಚಾದರದ ಅಂಚಿನ ಬಣ್ಣವನ್ನೂ ನೆನಪಿಟ್ಟುಕೊಂಡವಳು ನಾನು. ನನ್ನ ನೆನಪಿನಲ್ಲಿ ಬಟ್ಟಲು ಯಾವಾಗಲೂ ಅವ್ವನ ಕೈಯಲ್ಲೇ ಇತ್ತು. ಅದು ಅಲ್ಲಿಗೆ ಹೇಗೆ ಬಂತು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಯೋಚಿಸದ ಹಾಗೆ ಅವ್ವ ನೋಡಿಕೊಂಡಿದ್ದಳು. ಅವಳಿಗಾಗಿ ನಾನು ಹೆದರುತ್ತ ಬದುಕಿದೆನೆಂದು ತಿಳಿದಿದ್ದೆ. ಅಷ್ಟೂ ವರ್ಷ ಅವಳು ನನಗಾಗಿ ಹೆದರುತ್ತಿದ್ದಳು.

ಮೇಘಾ ನಿದ್ದೆಯಲ್ಲಿ ಮಗ್ಗಲು ಬದಲಿಸಿ ನರಳಿದಳು.

"ಬಟ್ಟಿ ಒಣಗೇತಿ. ತಾ ಇಲ್ಲೆ" ಎಂದು ಅವ್ವ ಕೈ ಚಾಚಿದಳು.

ನಾನು ಬಟ್ಟೆಯನ್ನು ಅದ್ದಿ, ಹಿಂಡಿ, ಅವಳ ಕೈಗೆ ಕೊಟ್ಟೆ. ಅವ್ವ ಬಟ್ಟೆಯ ಜೊತೆಗೆ ನನ್ನ ಕೈಯನ್ನೂ ಹಿಡಿದುಕೊಂಡಳು, ಬಿಡಲಿಲ್ಲ.